ಮನೆಗೆ ಬಂದ ಬಂಗಾರದ ನಾಯಿ



ಕಳೆದ ಬೇಸಿಗೆಯಲ್ಲಿ ಮಡಕಶಿರದ ತಂಗಿಯ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಬಂಗಾರದ ಬಣ್ಣದ ನಾಯಿಯೊಂದನ್ನು ಸರಪಳಿಯಿಂದ ಕಟ್ಟಿದ್ದರು. ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿತ್ತು. ಬೋಗುಣಿಯ ನೀರು ಕೈ ಸುಡುವಷ್ಟು ಕಾದಿತ್ತು.

“ಬೆಂಗಳೂರಿಂದ ತಂದಿದ್ದು ಕಣಣ್ಣ, ಲ್ಯಾಬ್ರಡಾರು, ಗೋಲ್ಡನ್ ರಿಟ್ರೀವರು ಎರಡೂ ಸೇರಿದ ಕ್ರಾಸು. ಯಾಕೋ ಬೆಳಗ್ಗೆಯಿಂದ ಸೋಮಾರಿ ಆಗ್ಬಿಟ್ಟಿದೆ” ಎಂದಳು ತಂಗಿ.

ಅದು ಸೋಮಾರಿತನವಲ್ಲ, ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ನಂತರ ಪಶುವೈದ್ಯರ ಬಳಿಗೆ ಆಟೋದಲ್ಲಿ ಕರೆದೊಯ್ದೆವು. ಅದೃಷ್ಟಕ್ಕೆ ನಾಯಿ ಬದುಕಿತು. ತಂಗಿಯ ಮಕ್ಕಳು ಅತ್ತೂ ಅತ್ತೂ ಕಣ್ಣು ಕೆಂಪಾಗಿಸಿಕೊಂಡಿದ್ದರು. ಆ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. ತಂದ ಜೀವದ ಸ್ವಭಾವ ಮಾತ್ರ ಅವರಿಗೆ ತಿಳಿದಿರಲಿಲ್ಲ. ಅದಕ್ಕೇ ಈ ತಿಂಗಳು ಈ ವಿಷಯ.

ತಣ್ಣೀರಿನ ನಾಯಿ

ಲ್ಯಾಬ್ರಡಾರ್ ನಾಯಿಯ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ದುಡಿದವು. ಗೋಲ್ಡನ್ ರಿಟ್ರೀವರ್ ತಳಿಯನ್ನು ಸ್ಕಾಟ್‌ಲೆಂಡಿನಲ್ಲಿ ಲಾರ್ಡ್ ಟ್ವೀಡ್‌ಮೌತ್ 1868ರಿಂದ ಬೆಳೆಸಿದರು. ಬೇಟೆಗಾರ ಹೊಡೆದ ಹಕ್ಕಿಯನ್ನು ತಣ್ಣನೆಯ ನೀರಿನಿಂದ, ಹಲ್ಲು ನಾಟದಂತೆ ಕಚ್ಚಿ ತಂದು ಕೈಗೆ ಕೊಡುವುದೇ ಇವುಗಳ ಕೆಲಸ. ರಿಟ್ರೀವರ್ ಎಂದರೆ ತಂದುಕೊಡುವುದು ಎಂದೇ ಅರ್ಥ. ಚಳಿ ತಡೆಯಲು ಇವಕ್ಕೆ ಎರಡು ಪದರದ ಕೂದಲು.

ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ ಬಿಸಿಲು ಮಾತ್ರ ಹಳೆಯ ಅನಂತಪುರದ್ದೇ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಆದ್ದರಿಂದ ಬೇಸಿಗೆಯಲ್ಲಿ ಬೆಳಗ್ಗೆ ಬಿಸಿಲೇರುವ ಮೊದಲು, ಸಂಜೆ ನೆಲ ತಣಿದ ಮೇಲೆ ಮಾತ್ರ ತಿರುಗಾಡಿಸಿ. ಅಂಗೈಯನ್ನು ರಸ್ತೆಯ ಮೇಲಿಟ್ಟು ನೋಡಿ. ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ತಗಡಿನ ಕೆಳಗೆ, ನಿಲ್ಲಿಸಿದ ಕಾರಿನೊಳಗೆ ಬಿಡಲೇಬೇಡಿ. ಸೆಕೆಯೆಂದು ಕೂದಲು ಬೋಳಿಸುವುದೂ ಸರಿಯಲ್ಲ, ಚರ್ಮ ಸುಡುತ್ತದೆ. ದಿನವೂ ಬಾಚಿದರೆ ಸಾಕು.

ಸ್ವಭಾವ

ಈ ಮಿಶ್ರತಳಿ ಮನುಷ್ಯರ ಸಹವಾಸಕ್ಕೆಂದೇ ಹುಟ್ಟಿದ್ದು. ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ, ಬೇಗ ಕಲಿಯುತ್ತದೆ. ಅಂಧರಿಗೆ ದಾರಿ ತೋರಲು ಹಲವು ದೇಶಗಳಲ್ಲಿ ಇದನ್ನೇ ತರಬೇತಿ ಮಾಡುತ್ತಾರೆ. ಆದರೆ ಕಾವಲಿಗೆ ಅಷ್ಟಕ್ಕಷ್ಟೇ. ಕಳ್ಳ ಬಂದರೂ ಬಾಲ ಆಡಿಸಬಹುದು! ಒಂಟಿಯಾಗಿ ಕಟ್ಟಿಹಾಕಿದರೆ ಕೊರಗುತ್ತದೆ, ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ. ಅದು ತುಂಟತನವಲ್ಲ, ಬೇಸರ. ದಿನಕ್ಕೆ ಒಂದು ಗಂಟೆಯಾದರೂ ಓಡಾಟ, ಆಟ ಬೇಕು. ಚಿಕ್ಕ ಮಕ್ಕಳ ಜೊತೆ ಆಡುವಾಗ ಮಾತ್ರ ದೊಡ್ಡವರೊಬ್ಬರು ಹತ್ತಿರವಿರಲಿ.

ಕ್ರಾಸ್ ಆದರೆ ಕಾಯಿಲೆ ಬರುವುದಿಲ್ಲ ಎಂದು ಮಾರುವವರು ಹೇಳುವುದುಂಟು. ಪೂರ್ತಿ ನಂಬಬೇಡಿ. ಸೊಂಟದ ಕೀಲಿನ ತೊಂದರೆ ಎರಡೂ ತಳಿಗಳಲ್ಲಿದೆ, ಮರಿಗೂ ಬರಬಹುದು. ತಾಯಿ ನಾಯಿಯನ್ನು ಕಣ್ಣಾರೆ ಕಂಡು, ಎರಡು ತಿಂಗಳು ತುಂಬಿದ ಮರಿಯನ್ನೇ ತನ್ನಿ.

ಊಟ, ಲಸಿಕೆ

ಎಷ್ಟು ಹಾಕಿದರೂ ಸಾಲದು ಎನ್ನುವ ನಾಯಿ ಇದು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿಗೆ ಹಸಿವು ಹೆಚ್ಚಿಸುವ ವಂಶವಾಹಿ ದೋಷವಿದೆಯೆಂದು ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲಿ ಕಂಡುಕೊಂಡರು. ಬೊಜ್ಜು ಬಂದರೆ ಕೀಲಿಗೂ ಕೇಡು, ಬಿಸಿಲಲ್ಲಿ ಜೀವಕ್ಕೂ ಕೇಡು. ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ಅಳತೆಯ ಊಟ ಸಾಕು. ರಾಗಿ ಅಥವಾ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಸೇರಲಿ. ಬರೀ ಹಾಲು-ಅನ್ನ ಸಾಲದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ವಿಷ. ನಮ್ಮ ಕಡಲೆಕಾಯಿ ಸೀಮೆಯಲ್ಲಿ ಇನ್ನೊಂದು ಎಚ್ಚರ: ಬೂಸ್ಟು ಹಿಡಿದ ಕಡಲೆಕಾಯಿ ಬಾಯಿಗೆ ಸಿಗದಿರಲಿ, ಅದರ ವಿಷ ಪಿತ್ತಕೋಶವನ್ನಲ್ಲ, ಯಕೃತ್ತನ್ನೇ ಕೆಡಿಸುತ್ತದೆ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ ತಪ್ಪಬಾರದು. ಇದು ಮನೆಮಂದಿಯ ಪ್ರಾಣದ ಪ್ರಶ್ನೆ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಜೋತುಬಿದ್ದ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ದಿನವೂ ನೋಡಿ.

ತರುವ ಮುನ್ನ

ಇವು ಹತ್ತು-ಹನ್ನೆರಡು ವರ್ಷ ಬದುಕುತ್ತವೆ. ಮರಿ ಬೇಕೆಂದು ಹಟ ಹಿಡಿದ ಮಗ ಹಾಸ್ಟೆಲಿಗೆ ಹೋದ ಮೇಲೆ ಅದನ್ನು ನೋಡುವವರು ಯಾರು? ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಹೊತ್ತು, ನೆರಳು, ಖರ್ಚು ಹೊಂದಿಸಲಾಗದಿದ್ದರೆ ನಮ್ಮ ಬೀದಿಯ ಮರಿಯೊಂದನ್ನು ಸಾಕಿ. ಈ ಬಿಸಿಲಲ್ಲೇ ಹುಟ್ಟಿ ಬೆಳೆದದ್ದು, ನಿಯತ್ತಿನಲ್ಲೂ ಕಡಿಮೆಯಿಲ್ಲ. ಅದಕ್ಕೂ ಲಸಿಕೆ, ನೀರು, ನೆರಳು ಬೇಕೇ ಬೇಕು.

ತಂಗಿಯ ಮನೆಯ ನಾಯಿ ಈಗ ನಡುಮನೆಯ ಗಾರೆ ನೆಲದ ಮೇಲೆ ಮಲಗುತ್ತದೆ. ಸರಪಳಿಯನ್ನು ಭಾವ ಹಳೆಯ ಕಬ್ಬಿಣದವನಿಗೆ ಹಾಕಿದರಂತೆ.