ಮನೆಯ ಕೈಗೆಲಸ: ದನಿಯೆತ್ತದ ಪೆಡಲು

ತಮ್ಮ ಕೈಯಾರೆ ಕಟ್ಟಿದ ಮೊದಲನೆಯ ಉಪಕರಣವು ಸದ್ದಿಲ್ಲದೆ ಕುಳಿತರೆ ಕಟ್ಟಿದವರಿಗಾಗುವ ವ್ಯಥೆ ಅಷ್ಟಿಷ್ಟಲ್ಲ. ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಒರಟಾಗಿಸಿ ಮೊರೆಯುವಂತೆ ಮಾಡುವ 'ಫಜ್' ಪೆಡಲನ್ನು ಮನೆಯಲ್ಲಿ ಕಟ್ಟುವ ತರುಣ ತರುಣಿಯರು ಇದನ್ನು ಚೆನ್ನಾಗಿ ಬಲ್ಲರು. 1966ರಲ್ಲಿ ಲಂಡನ್ನಿನಲ್ಲಿ ಹೊರಬಂದ 'ಫಜ್ ಫೇಸ್' ಪೆಡಲಿನ ನಕ್ಷೆಯನ್ನೇ ಅನೇಕರು ಮೊದಲಿಗೆ ಆರಿಸಿಕೊಳ್ಳುತ್ತಾರೆ. ಅದರಲ್ಲಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ನಾಬು, ಇಷ್ಟೇ. ಆದರೂ ತಪ್ಪು ನುಸುಳುವುದಕ್ಕೆ ಇಷ್ಟು ಎಡೆಯೇ ಸಾಕು.

ಪೆಡಲು ಮೂಕವಾದೊಡನೆ ಕೈ ತಾನಾಗಿ ಸಾಲ್ಡರಿಂಗ್ ಐರನ್ನಿನ ಕಡೆಗೆ ಹೋಗುತ್ತದೆ. ಒಂದೊಂದೇ ಭಾಗವನ್ನು ಕಿತ್ತು ಹೊಸದನ್ನು ಬೆಸೆಯುವಷ್ಟರಲ್ಲಿ ಒಂದಿದ್ದ ದೋಷ ನಾಲ್ಕಾಗಿ, ಪೆಡಲು ಅಟ್ಟ ಸೇರುತ್ತದೆ. ಅದರ ಜೊತೆಗೆ ಕಟ್ಟಿದವರ ಉತ್ಸಾಹವೂ ಸೇರುತ್ತದೆ. ನಾಡಿ ನೋಡದೆ ಮದ್ದು ಕೊಡುವ ವೈದ್ಯನುಂಟೆ? ಆದುದರಿಂದ ಮೊದಲು ಪರೀಕ್ಷೆ, ಆಮೇಲೆ ಬೆಸುಗೆ.

ಮೊದಲನೆಯದಾಗಿ, ಕಾಲೊತ್ತಿನ ಸ್ವಿಚ್ಚನ್ನು ಬೈಪಾಸಿಗೆ ಹಾಕಿ ಗಿಟಾರನ್ನು ಮೀಟಿರಿ. ಆಗ ಸದ್ದು ಬಂದರೆ ಕೇಬಲು ಮತ್ತು ಜ್ಯಾಕುಗಳು ಬಹುಮಟ್ಟಿಗೆ ನೆಟ್ಟಗಿವೆಯೆಂದೂ, ದೋಷವು ಒಳಗಿನ ಸರ್ಕ್ಯೂಟಿನಲ್ಲಿಯೋ ಅದಕ್ಕೆ ಹೋಗುವ ತಂತಿಗಳಲ್ಲಿಯೋ ಇದೆಯೆಂದೂ ತಿಳಿಯಬೇಕು. ಬೈಪಾಸಿನಲ್ಲಿಯೂ ಸದ್ದಿಲ್ಲದಿದ್ದರೆ ಸರ್ಕ್ಯೂಟನ್ನು ಮುಟ್ಟದೆ, ಜ್ಯಾಕು ಮತ್ತು ಸ್ವಿಚ್ಚಿನ ತಂತಿಗಳನ್ನು ನಕ್ಷೆಯೊಡನೆ ಹೋಲಿಸಿ ನೋಡತಕ್ಕದ್ದು.

ಎರಡನೆಯದಾಗಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗಿಟ್ಟು ವೋಲ್ಟೇಜನ್ನು ಅಳೆಯಿರಿ. ಅನೇಕ ಪೆಡಲುಗಳಲ್ಲಿ ಒಳಬರುವ ಜ್ಯಾಕಿಗೆ ಕೇಬಲು ಸಿಕ್ಕಿಸಿದರೆ ಮಾತ್ರ ಬ್ಯಾಟರಿಯ ಸಂಪರ್ಕ ಕೂಡುತ್ತದೆ. ಇದನ್ನರಿಯದೆ ಬ್ಯಾಟರಿಯನ್ನು ದೂರುವವರುಂಟು. ಸಿಲಿಕಾನ್ ಎನ್.ಪಿ.ಎನ್. ಟ್ರಾನ್ಸಿಸ್ಟರುಗಳಿಂದ ಕಟ್ಟಿದ್ದರೆ, ಎರಡನೆಯದರ ಕಲೆಕ್ಟರಿನಲ್ಲಿ 9 ವೋಲ್ಟಿನ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರುವುದು ಉತ್ತಮ. 3 ಇದ್ದರೂ ನಾದ ಹೊರಡುತ್ತದೆ. 9ರ ಅಥವಾ ಸೊನ್ನೆಯ ಹತ್ತಿರವಿದ್ದರೆ ಅಲ್ಲಿ ದೋಷವುಂಟು.

ಆಗ ಟ್ರಾನ್ಸಿಸ್ಟರಿನ ಕಾಲುಗಳನ್ನು ನೋಡಿರಿ. ಚಪ್ಪಟೆ ಮುಖವನ್ನು ನಮ್ಮತ್ತ ತಿರುಗಿಸಿ ಕಾಲುಗಳನ್ನು ಕೆಳಗೆ ಮಾಡಿ ಹಿಡಿದರೆ, ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯುವ ಬಿ.ಸಿ. 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಕ್ರಮ. 2ಎನ್ 3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ನಕ್ಷೆಗೆ ಇನ್ನೊಂದನ್ನು ಹಾಗೆಯೇ ಕೂರಿಸಿದರೆ ಸದ್ದು ಕ್ಷೀಣವಾದೀತು, ಇಲ್ಲವೆ ಅಡಗಿಯೇ ಹೋದೀತು.

ಮೂರನೆಯದಾಗಿ, ನಾದದ ಜಾಡು ಹಿಡಿಯುವುದು. ಆಂಪ್ಲಿಫೈಯರಿಗೆ ಹೋಗುವ ಕೇಬಲಿನ ಹೊರತಂತಿಯನ್ನು ಪೆಡಲಿನ ಗ್ರೌಂಡಿಗೆ ಜೋಡಿಸಿ, ಒಳತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರೊಂದನ್ನು ಬೆಸೆಯಿರಿ. ಆಂಪ್ಲಿಫೈಯರಿನ ಸದ್ದನ್ನು ತಗ್ಗಿಸಿ, ಮನೆಯವರೊಬ್ಬರು ಗಿಟಾರನ್ನು ಮೀಟುತ್ತಿರುವಾಗ, ಕೆಪಾಸಿಟರಿನ ಇನ್ನೊಂದು ತುದಿಯನ್ನು ಒಳಬರುವ ಜ್ಯಾಕಿನಿಂದ ಮೊದಲುಮಾಡಿ ಮೊದಲ ಟ್ರಾನ್ಸಿಸ್ಟರ್, ಎರಡನೆಯದು, ಹೊರಹೋಗುವ ಜ್ಯಾಕು, ಹೀಗೆ ಕ್ರಮವಾಗಿ ಮುಟ್ಟಿಸುತ್ತ ಹೋಗಿರಿ. ಎಲ್ಲಿ ನಾದ ಕಳೆದುಹೋಗುವುದೋ ಅದಕ್ಕೂ ಅದರ ಹಿಂದಿನ ಸ್ಥಳಕ್ಕೂ ನಡುವೆ ಕಳ್ಳನಿದ್ದಾನೆ. ಆ ಎಡೆಯ ಬೆಸುಗೆಗಳಲ್ಲಿ ಮಂಕಾಗಿ ಬಿರುಕು ಬಿಟ್ಟಂತಿರುವುದನ್ನು ಮತ್ತೆ ಕಾಯಿಸಿರಿ. ಹೊರಗೆ ಹಾಡಿದ ಪೆಡಲು ಡಬ್ಬಿಯೊಳಗೆ ಮೂಕವಾದರೆ, ಜ್ಯಾಕಿನ ಕಿವಿ ಲೋಹಕ್ಕೆ ತಗುಲಿದೆಯೇ ಎಂದು ನೋಡಿರಿ.

ತಂದೆತಾಯಿಗಳು ಗಮನಿಸಬೇಕಾದ ಮಾತೊಂದಿದೆ. ಈ ಪರೀಕ್ಷೆಗಳೆಲ್ಲ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪೆಡಲಿಗೆ ಮಾತ್ರ. ಆಂಪ್ಲಿಫೈಯರನ್ನು ಎಂದಿಗೂ ಬಿಚ್ಚಕೂಡದು. ವಾಲ್ವ್ ಆಂಪ್ಲಿಫೈಯರುಗಳಲ್ಲಿ ನೂರಾರು ವೋಲ್ಟಿದ್ದು, ಪ್ಲಗ್ಗು ಕಿತ್ತ ಮೇಲೆಯೂ ಅದು ಕೆಲವು ಕಾಲ ಉಳಿದಿರಬಹುದು, ಪ್ರಾಣಕ್ಕೇ ಅಪಾಯ. ಬೆಸುಗೆಯ ತಂತಿಯಲ್ಲಿ ಸೀಸವಿರುವುದರಿಂದ ಕೆಲಸವಾದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಅಳೆದ ವೋಲ್ಟೇಜುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದಿಡಿರಿ. ಪೆಡಲು ಹಾಡತೊಡಗಿದ ದಿನ ಮತ್ತೊಮ್ಮೆ ಅಳೆದು ಅದರ ಪಕ್ಕದಲ್ಲಿಯೇ ಗುರುತಿಸಿರಿ. ಎರಡನೆಯ ಪೆಡಲು ಮುಷ್ಕರ ಹೂಡಿದಾಗ ಆ ಕಾಗದವೇ ನಿಮಗೆ ಗುರು.