ಟೊಪ್ಪಿಗೆಯ ಊರಿನ ಹೆಣ್ಣುಮಗಳು

ಈ ಅಂಕಣದಲ್ಲಿ ಆಟೋಟಗಳ ವಿಷಯವನ್ನು ನಾವು ಹೆಚ್ಚಾಗಿ ಎತ್ತಿಕೊಂಡವರಲ್ಲ. ಪಂದ್ಯಗಳ ಸೋಲು ಗೆಲುವಿನ ವಾರ್ತೆಗಳಿಗೆ ದಿನಪತ್ರಿಕೆಗಳಲ್ಲಿ ಪುಟಗಳೇ ಮೀಸಲಾಗಿವೆ, ನಮ್ಮಂಥವರ ಲೇಖನಿಗೆ ಅಲ್ಲಿ ಕೆಲಸವಿಲ್ಲ ಎಂಬುದು ನಮ್ಮ ಭಾವನೆಯಾಗಿತ್ತು. ಆದರೆ ದೂರದ ಸ್ಕಾಟ್ಲೆಂಡಿನ ಒಬ್ಬ ಫುಟ್‌ಬಾಲ್ ಆಟಗಾರ್ತಿಯ ಜೀವನವೃತ್ತಾಂತವನ್ನು ತಿಳಿದ ಮೇಲೆ, ಅದನ್ನು ನಮ್ಮ ಓದುಗ ಬಂಧುಗಳ ಮುಂದಿಡದೆ ಇರಲಾಗಲಿಲ್ಲ. ಆಕೆ ಗೆದ್ದ ಬಹುಮಾನಗಳು ದೊಡ್ಡವೆಂಬುದು ಇದಕ್ಕೆ ಮುಖ್ಯ ಕಾರಣವಲ್ಲ. ತನ್ನ ನಾಡೇ ತನ್ನನ್ನು ಬೇಡವೆಂದಾಗ ಒಬ್ಬ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬ ಪ್ರಶ್ನೆಯೇ ನಮ್ಮನ್ನು ಹಿಡಿದು ನಿಲ್ಲಿಸಿತು.

ಆಕೆಯ ಹೆಸರು ರೋಸ್ ರೈಲಿ. 1955ರ ಜನವರಿಯಲ್ಲಿ ಸ್ಕಾಟ್ಲೆಂಡಿನ ನೈಋತ್ಯ ಭಾಗದ ಏರ್‌ಷೈರ್ ಸೀಮೆಯಲ್ಲಿ ಜನನ. ಬೆಳೆದುದು ಸ್ಟೂವರ್ಟನ್ ಎಂಬ ಸಣ್ಣ ಊರಿನಲ್ಲಿ. ಈ ಊರಿಗೆ ಒಂದು ವಿಶೇಷವಿದೆ. ಶತಮಾನಗಳಿಂದ ಅಲ್ಲಿಯ ಜನ ಉಣ್ಣೆಯ ಟೊಪ್ಪಿಗೆಗಳನ್ನು ಹೆಣೆಯುವುದರಲ್ಲಿ ನಿಪುಣರು. ಸ್ಕಾಟ್ಲೆಂಡಿನ ಸೇನಾ ತುಕಡಿಗಳು ಧರಿಸುವ ಟೊಪ್ಪಿಗೆಗಳು ಸಹ ಅಲ್ಲಿಂದ ಹೋಗುತ್ತಿದ್ದವು. ಇಂದಿಗೂ ಅದನ್ನು ‘ಟೊಪ್ಪಿಗೆಯ ಊರು’ ಎಂದೇ ಕರೆಯುತ್ತಾರೆ. ಈ ಟೊಪ್ಪಿಗೆಯ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರಲಿದೆ.

ಚಿಕ್ಕವಳಿದ್ದಾಗ ಒಂದು ಕ್ರಿಸ್‌ಮಸ್ ಹಬ್ಬಕ್ಕೆ ಚೆಂಡು ಬೇಕೆಂದು ಕೇಳಿದ ಹುಡುಗಿಗೆ ಸಿಕ್ಕಿದ್ದು ಗೊಂಬೆ. ಅವಳು ಆ ಗೊಂಬೆಯನ್ನು ಹುಡುಗನೊಬ್ಬನಿಗೆ ಕೊಟ್ಟು, ಅವನ ಚೆಂಡನ್ನು ತೆಗೆದುಕೊಂಡಳು. ಇದನ್ನು ಆಕೆಯೇ ಮುಂದೆ ನಗುತ್ತ ಹೇಳಿಕೊಂಡಿದ್ದಾರೆ. ಊರಿನ ಹುಡುಗರ ತಂಡದಲ್ಲಿ ಆಡಬೇಕಾದರೆ ಹೆಣ್ಣೆಂದು ತಿಳಿಯಬಾರದು. ಅದಕ್ಕಾಗಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡು, ‘ರೋಸ್’ ಎಂಬ ಹೆಸರನ್ನು ‘ರಾಸ್’ ಎಂಬ ಗಂಡು ಹೆಸರಾಗಿ ಬದಲಾಯಿಸಿಕೊಂಡದ್ದೂ ಆಯಿತು. ಒಂದು ಪಂದ್ಯವನ್ನು ನೋಡಲು ಗ್ಲಾಸ್ಗೋ ನಗರದ ಹೆಸರಾಂತ ಸೆಲ್ಟಿಕ್ ಕ್ಲಬ್ಬಿನವರು ಬಂದಿದ್ದರಂತೆ. ಎಳೆಯ ಪ್ರತಿಭೆಗಳನ್ನು ಹುಡುಕಿ ಆರಿಸುವುದು ಅವರ ಕೆಲಸ. ಏಳನೆಯ ಸಂಖ್ಯೆಯ ಅಂಗಿ ತೊಟ್ಟ ಆ ಹುಡುಗ ನಮಗೆ ಬೇಕು ಎಂದು ಅವರು ಕೇಳಿದಾಗ, ಅದು ಹುಡುಗನಲ್ಲ, ಹುಡುಗಿ ಎಂಬ ಉತ್ತರ ಬಂತು. ಮಾತು ಅಲ್ಲಿಗೇ ಮುಗಿಯಿತು. ಕಾಲಿನ ಕೌಶಲದಲ್ಲಿ ಕೊರತೆಯಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬಾಗಿಲು ಮಾತ್ರ ಇರಲಿಲ್ಲ.

ಬಾಗಿಲು ಇಲ್ಲದ್ದು ಏಕೆಂಬುದಕ್ಕೆ ಹಿಂದಿನ ಸಂಗತಿಗಳನ್ನು ಸ್ವಲ್ಪ ಹೇಳಬೇಕಾಗುತ್ತದೆ. ಹೆಂಗಸರು ಫುಟ್‌ಬಾಲ್ ಆಡುವುದು ಅಲ್ಲಿ ಹೊಸತೇನೂ ಆಗಿರಲಿಲ್ಲ. 1881ರ ಮೇ ತಿಂಗಳಿನಲ್ಲಿಯೇ ಎಡಿನ್‌ಬರೋ ನಗರದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಎಂಬ ಹೆಸರಿನಲ್ಲಿ ಹೆಂಗಸರ ಎರಡು ತಂಡಗಳು ಆಡಿದ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಆಟಕ್ಕೆ ಇಳಿದರು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ನಗರದಲ್ಲಿ ನಡೆದ ಅವರ ಒಂದು ಪಂದ್ಯಕ್ಕೆ 53,000 ಜನ ಸೇರಿದ್ದರೆಂದರೆ ಜನಪ್ರಿಯತೆಯನ್ನು ಊಹಿಸಬಹುದು. ಮರುವರ್ಷವೇ, ಅಂದರೆ 1921ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಹೆಂಗಸರಿಗೆ ಕೊಡಕೂಡದೆಂದು ನಿಷೇಧಿಸಿತು. ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂಬುದು ಅವರು ಕೊಟ್ಟ ಕಾರಣ. ಸುಮಾರು ಅರ್ಧ ಶತಮಾನ ಆ ನಿಷೇಧ ನಡೆಯಿತು. 1971ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟದವರು, ಆಯಾ ದೇಶದ ಸಂಸ್ಥೆಗಳು ಹೆಂಗಸರ ಆಟವನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಳ್ಳಬೇಕೆಂಬ ಠರಾವನ್ನು ಮತಕ್ಕೆ ಹಾಕಿದರು. 31 ದೇಶಗಳು ಒಪ್ಪಿದವು. ಒಂದೇ ಒಂದು ದೇಶ ವಿರೋಧಿಸಿತು. ಆ ಒಂದು ದೇಶ ಸ್ಕಾಟ್ಲೆಂಡ್. ಅಲ್ಲಿಯ ಸಂಸ್ಥೆ ಮಹಿಳಾ ಫುಟ್‌ಬಾಲಿಗೆ ಮನ್ನಣೆ ಕೊಟ್ಟುದು 1974ರಲ್ಲಿ.

ದೂರದ ದೇಶದವರ ಸಂಕುಚಿತ ಬುದ್ಧಿಯನ್ನು ಹೀಗೆ ಬರೆಯುವುದು ಸುಲಭ. ನಮ್ಮ ನಮ್ಮ ಮನೆಗಳಲ್ಲಿ ಹೆಣ್ಣುಮಗು ಹನ್ನೆರಡು ದಾಟುತ್ತಲೇ “ಇನ್ನು ಸಾಕು, ಒಳಗೆ ಬಾ ತಾಯಿ” ಎಂದು ಅಂಗಳದಿಂದ ಕರೆದವರು ಯಾರು? ನಾವೇ. ಅದಕ್ಕೆ ಯಾವ ಸಂಸ್ಥೆಯ ಠರಾವೂ ಬೇಕಾಗಿರಲಿಲ್ಲ.

ಇರಲಿ. ಸ್ಟೂವರ್ಟನ್ ಊರಿನಲ್ಲಿ ಎಲ್ಸಿ ಕುಕ್ ಎಂಬ ಮಹಿಳೆ ಹೆಣ್ಣುಮಕ್ಕಳದೇ ಒಂದು ತಂಡವನ್ನು ಕಟ್ಟಿದ್ದರು. ರೋಸ್ ಆ ತಂಡವನ್ನು ಸೇರಿದರು. 1971ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮಹಿಳೆಯರ ಕಪ್ ಪಂದ್ಯಾವಳಿಯ ಅಂತಿಮ ಘಟ್ಟದವರೆಗೂ ಈ ಸಣ್ಣ ಊರಿನ ತಂಡ ಹೋಗಿ, ಸೌತಾಂಪ್ಟನ್ ತಂಡಕ್ಕೆ ಸೋತಿತು. ರೋಸ್‌ಗೆ ಆಗ 16 ವರ್ಷ.

1972ರ ನವೆಂಬರ್ 18ರಂದು ಗ್ರೀನಕ್ ಎಂಬ ಬಂದರಿನ ಊರಿನಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮಹಿಳೆಯರ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಇವೇ ಎರಡು ದೇಶಗಳ ಗಂಡಸರು ಗ್ಲಾಸ್ಗೋದಲ್ಲಿ ಜಗತ್ತಿನ ಮೊತ್ತಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿ ನೂರು ವರ್ಷಗಳಾಗುತ್ತ ಬಂದಿದ್ದವು. ಕೊರೆಯುವ ಚಳಿ, ಹೆಪ್ಪುಗಟ್ಟಿದ ನೆಲ. ಸ್ಕಾಟ್ಲೆಂಡಿನ ಹುಡುಗಿಯರು ಮೊದಲು ಎರಡು ಗೋಲುಗಳಿಂದ ಮುಂದಿದ್ದರು. ಅವುಗಳಲ್ಲಿ ಒಂದು ರೋಸ್ ಹೊಡೆದದ್ದು, ಅದೂ ಮೈದಾನದ ಮೂಲೆಯಿಂದ ಒದೆದ ಚೆಂಡು ಬೇರೆ ಯಾರ ಕಾಲಿಗೂ ತಾಗದೆ ನೇರವಾಗಿ ಗೋಲಿನೊಳಗೆ ಹೋದದ್ದು. ಬಲ್ಲವರು ಇದನ್ನು ಬಹು ಕಷ್ಟದ ಹೊಡೆತವೆನ್ನುತ್ತಾರೆ. ಕೊನೆಗೆ ಇಂಗ್ಲೆಂಡಿನವರು 3–2ರಿಂದ ಗೆದ್ದರು.

ಯಾವನೇ ಆಟಗಾರ ದೇಶದ ಪರವಾಗಿ ಅಂತರರಾಷ್ಟ್ರೀಯ ಪಂದ್ಯವನ್ನಾಡಿದರೆ ಅವನಿಗೆ ಬಟ್ಟೆಯ ಒಂದು ಟೊಪ್ಪಿಗೆಯನ್ನು ಗೌರವವಾಗಿ ಕೊಡುವುದು ಆ ನಾಡುಗಳ ಹಳೆಯ ವಾಡಿಕೆ. ಎಷ್ಟು ಪಂದ್ಯ ಆಡಿದ ಎಂದು ಕೇಳುವುದಕ್ಕೆ ಬದಲಾಗಿ ಎಷ್ಟು ಟೊಪ್ಪಿಗೆ ಪಡೆದ ಎಂದು ಕೇಳುವ ರೂಢಿಯೇ ಬಂದಿದೆ. 1972ರ ಆ ಚಳಿಯಲ್ಲಿ ಆಡಿದ ಹೆಣ್ಣುಮಕ್ಕಳಿಗೆ ಟೊಪ್ಪಿಗೆ ಸಿಗಲಿಲ್ಲ. ಇಡೀ ನಾಡಿಗೆ ಟೊಪ್ಪಿಗೆ ಹೆಣೆದುಕೊಟ್ಟ ಊರಿನ ಮಗಳು ಬರಿದಲೆಯಲ್ಲಿಯೇ ಮನೆಗೆ ಮರಳಿದಳು.

ಫುಟ್‌ಬಾಲನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬೇಕೆಂದು ರೋಸ್ ನಿಶ್ಚಯಿಸಿದ್ದರು. ತಮ್ಮ ನಾಡಿನಲ್ಲಿ ಅದು ಸಾಧ್ಯವಿಲ್ಲವೆಂಬುದೂ ಸ್ಪಷ್ಟವಾಗಿತ್ತು. ಒಬ್ಬ ಪತ್ರಕರ್ತರ ನೆರವಿನಿಂದ, ಗೆಳತಿ ಎಡ್ನಾ ನೀಲಿಸ್ ಜೊತೆಗೂಡಿ 1973ರಲ್ಲಿ ಫ್ರಾನ್ಸಿನ ರೀಮ್ಸ್ ನಗರಕ್ಕೆ ಹೋಗಿ ಅಲ್ಲಿಯ ತಂಡದವರ ಮುಂದೆ ಆಡಿ ತೋರಿಸಿದರು. ಫ್ರಾನ್ಸಿನ ಅರಸರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದ ಹಳೆಯ ನಗರವದು. ತಂಡದವರು ಇಬ್ಬರನ್ನೂ ಆರಿಸಿಕೊಂಡರು. ಸ್ವಲ್ಪ ಕಾಲದಲ್ಲಿಯೇ ಇಟಲಿಯ ಮಿಲಾನ್ ನಗರದಿಂದ ಕರೆ ಬಂತು. ಹದಿನೆಂಟು ಹತ್ತೊಂಬತ್ತರ ವಯಸ್ಸು, ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಊಟ. ಆಗಿನ ಕಾಲದಲ್ಲಿ ಊರಿಗೆ ಒಂದು ಕಾಗದ ಮುಟ್ಟಬೇಕಾದರೂ ದಿನಗಳೇ ಹಿಡಿಯುತ್ತಿದ್ದವು. ಮಗಳನ್ನು ಹಾಗೆ ಕಳುಹಿಸಿ ಕೊಟ್ಟ ತಂದೆತಾಯಿಗಳ ಎದೆಯ ಮಾತನ್ನು ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ. ಆದರೆ ಹೆಣ್ಣುಮಕ್ಕಳನ್ನು ಓದಿಗಾಗಿ ಪರಸ್ಥಳಕ್ಕೆ ಕಳುಹಿಸಿದ ನಮ್ಮ ಓದುಗರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಇತ್ತ ತಾಯ್ನಾಡಿನಲ್ಲಿ ನಡೆದುದೇ ಬೇರೆ. 1975ರಲ್ಲಿ ರೋಸ್, ಎಡ್ನಾ ಮತ್ತು ಎಲ್ಸಿ ಕುಕ್ ಈ ಮೂವರ ಮೇಲೆಯೂ ಸ್ಕಾಟ್ಲೆಂಡಿನ ಫುಟ್‌ಬಾಲ್ ಅಧಿಕಾರಸ್ಥರು ಆಜೀವ ನಿಷೇಧ ಹೇರಿದರು. ಮಹಿಳೆಯರ ಆಟವನ್ನು ನಡೆಸುತ್ತಿದ್ದ ರೀತಿಯನ್ನು ಇವರು ಬಾಯಿಬಿಟ್ಟು ಟೀಕಿಸಿದ್ದೇ ಅದಕ್ಕೆ ಹಿನ್ನೆಲೆ. ಕೊಲೆಯಲ್ಲ, ಕಳವಲ್ಲ, ಪಂದ್ಯ ಮಾರಿಕೊಂಡದ್ದಲ್ಲ. ಆಡಿದ ಮಾತಿಗೆ ಆಜೀವ ಶಿಕ್ಷೆ! ಇಪ್ಪತ್ತು ವರ್ಷದ ಹುಡುಗಿಗೆ ಇನ್ನು ನೀನು ನಿನ್ನ ದೇಶದ ಅಂಗಿ ತೊಡಕೂಡದೆಂದು ಹೇಳಿದಂತಾಯಿತು. ಶಿಸ್ತು ಎಂಬುದು ಸಂಸ್ಥೆಗಳಿಗೆ ಬೇಕು, ನಾವು ಒಪ್ಪುತ್ತೇವೆ. ಆದರೆ ದುಡಿಯಬಲ್ಲ ಕೈಯನ್ನೋ ಓಡಬಲ್ಲ ಕಾಲನ್ನೋ ಕಟ್ಟಿಹಾಕಿ ಶಿಸ್ತನ್ನು ಉಳಿಸಿದೆವೆಂದು ಹೇಳುವವರ ಮಾತು ನಮಗೆ ಅರ್ಥವಾಗುವುದಿಲ್ಲ.

ಇಟಲಿ ಆಕೆಯನ್ನು ಎರಡೂ ಕೈಗಳಿಂದ ಬರಮಾಡಿಕೊಂಡಿತು. ಮಿಲಾನ್, ಕಟಾನಿಯಾ, ಲೆಚ್ಚೆ, ತ್ರಾನಿ ಹೀಗೆ ಉತ್ತರದಿಂದ ದಕ್ಷಿಣದ ತುದಿಯವರೆಗೆ ಹಲವು ಊರುಗಳ ತಂಡಗಳಿಗೆ ರೋಸ್ ಆಡಿದರು. ಇಟಲಿಯ ಲೀಗ್ ಪ್ರಶಸ್ತಿಯನ್ನು 8 ಬಾರಿ, ಕಪ್ಪನ್ನು 4 ಬಾರಿ ಗೆದ್ದ ತಂಡಗಳಲ್ಲಿ ಆಕೆ ಇದ್ದರು. ಒಂದು ವರ್ಷವಂತೂ ಶನಿವಾರ ಇಟಲಿಯ ದಕ್ಷಿಣದಲ್ಲಿರುವ ಲೆಚ್ಚೆಯಲ್ಲಿ ಆಡುವುದು, ಭಾನುವಾರ ಫ್ರಾನ್ಸಿನ ರೀಮ್ಸ್ ತಂಡಕ್ಕೆ ಆಡುವುದು; ಆ ವರ್ಷ ಎರಡು ದೇಶಗಳ ಲೀಗ್ ಪ್ರಶಸ್ತಿಗಳೂ ಆಕೆಯ ತಂಡಗಳಿಗೇ ಬಂದವು. ಎರಡು ಊರುಗಳ ಜಾತ್ರೆಯನ್ನು ಒಂದೇ ವಾರದಲ್ಲಿ ಮುಗಿಸಿ ಬಂದು ವಾರವೆಲ್ಲ ಮೈಕೈ ನೋವೆನ್ನುವ ನಮಗೆ ಇದು ಸೋಜಿಗವೇ ಸರಿ.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಆಗ ಇಟಲಿಯಲ್ಲಿ ಮಹಿಳಾ ಆಟಗಾರ್ತಿಯರಿಗೆ ಹಣ ಸಿಗುತ್ತಿತ್ತಾದರೂ ಕಾನೂನಿನ ದೃಷ್ಟಿಯಲ್ಲಿ ಅವರು ಹವ್ಯಾಸಿಗಳೇ. ಅಲ್ಲಿಯ ಅಗ್ರ ಲೀಗಿನ ಮಹಿಳೆಯರಿಗೆ ವೃತ್ತಿಪರರೆಂಬ ಪೂರ್ಣ ಮಾನ್ಯತೆ ಸಿಕ್ಕಿದ್ದು 2022ರಲ್ಲಿ. ರೋಸ್ ತಮ್ಮ ನಲವತ್ತನೆಯ ವಯಸ್ಸಿನವರೆಗೂ ಆಡಿದರೆಂದರೆ, ಭವಿಷ್ಯನಿಧಿಯಾಗಲಿ ಭದ್ರತೆಯಾಗಲಿ ಇಲ್ಲದ ದುಡಿಮೆಯನ್ನು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಡೆಸಿದರೆಂದೇ ಅರ್ಥ.

ಆಕೆಯ ಆಟವನ್ನು ಕಂಡ ಇಟಲಿಯವರು ತಮ್ಮ ರಾಷ್ಟ್ರೀಯ ತಂಡಕ್ಕೇ ಆಕೆಯನ್ನು ಸೇರಿಸಿಕೊಂಡರು. ಇಂದಿನಂತೆ ಪೌರತ್ವದ ಬಿಗಿ ನಿಯಮಗಳು ಆಗ ಮಹಿಳೆಯರ ಆಟದಲ್ಲಿ ಇರಲಿಲ್ಲ. 22 ಪಂದ್ಯಗಳನ್ನಾಡಿ 13 ಗೋಲುಗಳನ್ನು ಹೊಡೆದರು, ನಾಯಕಿಯೂ ಆದರು. 1984ರಲ್ಲಿ ಇಟಲಿಯಲ್ಲಿ ‘ಮುಂಡಿಯಾಲಿತೊ’, ಅಂದರೆ ಕಿರಿಯ ವಿಶ್ವಕಪ್ ಎಂಬ ಪಂದ್ಯಾವಳಿ ನಡೆದಾಗ ಅಂತಿಮ ಪಂದ್ಯದಲ್ಲಿ ಇಟಲಿಯು ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿತು. ಆ ಗೋಲುಗಳಲ್ಲಿ ಒಂದು ರೋಸ್ ಅವರದು. ಇದು ಅಧಿಕೃತ ವಿಶ್ವಕಪ್ ಆಗಿರಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ. ಮಹಿಳೆಯರ ಅಧಿಕೃತ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ಆರಂಭವಾಯಿತು. ಆದರೂ ಆ ಕಾಲದ ಹೆಣ್ಣುಮಕ್ಕಳಿಗೆ ಜಗತ್ತಿನ ಮಟ್ಟದಲ್ಲಿ ಗೆಲ್ಲಲು ಇದ್ದ ಬಹುಮಾನ ಅಂಥದ್ದೇ.

ತನ್ನ ನಾಡನ್ನು ಬಿಟ್ಟು ಬೇರೆ ನಾಡಿನ ಬಾವುಟದ ಕೆಳಗೆ ಆಡಿದ್ದು ತಪ್ಪಲ್ಲವೇ ಎಂದು ಕೇಳುವವರಿರಬಹುದು. ನಾವೂ ಈ ಪ್ರಶ್ನೆಯನ್ನು ಕೇಳಿಕೊಂಡೆವು. ಇಟಲಿಯ ರಾಷ್ಟ್ರಗೀತೆಗೆ ನಿಂತಾಗಲೂ ತಮ್ಮ ಹೃದಯ ಸ್ಕಾಟ್ಲೆಂಡಿನದೇ ಆಗಿತ್ತೆಂದು ರೋಸ್ ಹೇಳಿಕೊಂಡಿದ್ದಾರೆ. ತವರಿನವರು ಬಾಗಿಲು ಹಾಕಿಕೊಂಡಾಗ ನೆರೆಮನೆಯಲ್ಲಿ ಅನ್ನವಿಕ್ಕಿದರೆ, ಉಂಡ ಮನೆಗೆ ದುಡಿದುಕೊಡುವುದು ತವರಿಗೆ ಮಾಡಿದ ದ್ರೋಹವೆಂದು ನಮಗೆ ತೋರುವುದಿಲ್ಲ. ತವರನ್ನು ಅವರು ಮರೆಯಲೂ ಇಲ್ಲ. 2001ರಲ್ಲಿ ಪತಿ ಮತ್ತು ಮಗಳೊಂದಿಗೆ ಸ್ಟೂವರ್ಟನ್ ಊರಿಗೇ ಮರಳಿ ನೆಲೆಸಿದರು.

ಮರಳಿ ಬಂದಾಗ ಊರಿನ ಬೀದಿಯಲ್ಲಿ ಗುರುತಿಸುವವರು ಬಹಳ ಮಂದಿ ಇರಲಿಲ್ಲ. ಮನ್ನಣೆ ನಿಧಾನವಾಗಿ ಬಂತು. 2007ರಲ್ಲಿ ಸ್ಕಾಟ್ಲೆಂಡಿನ ಫುಟ್‌ಬಾಲ್ ಗಣ್ಯರ ಸಾಲಿನಲ್ಲಿ ಆಕೆಯ ಹೆಸರನ್ನು ಸೇರಿಸಿದರು. ಆ ಸಾಲಿಗೆ ಸೇರಿದ ಮೊದಲ ಮಹಿಳೆ ಆಕೆಯೇ. 2020ರ ಹೊಸ ವರ್ಷದ ಗೌರವಗಳಲ್ಲಿ ಬ್ರಿಟಿಷ್ ಸರ್ಕಾರದ ಎಂಬಿಇ ಪದವಿ ಬಂತು. ಊರಿನ ಕ್ರೀಡಾಕೇಂದ್ರಕ್ಕೆ ಈಗ ಆಕೆಯದೇ ಹೆಸರಿದೆ. ಹುಡುಗನ ಹೆಸರನ್ನಿಟ್ಟುಕೊಂಡು ಆಡಬೇಕಾಗಿ ಬಂದ ಊರಿನಲ್ಲಿ ಇಂದು ‘ರೋಸ್’ ಎಂಬ ಹೆಸರು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿದೆ.

ಸ್ಕಾಟ್ಲೆಂಡಿನ ಮಹಿಳಾ ತಂಡ ಮೊದಲ ಬಾರಿಗೆ ವಿಶ್ವಕಪ್ಪಿನಲ್ಲಿ ಆಡಿದ್ದು 2019ರಲ್ಲಿ. ಆ ವರ್ಷದ ಮೇ 28ರಂದು, ಫ್ರಾನ್ಸಿಗೆ ಹೊರಡುವ ಮುನ್ನ, ಗ್ಲಾಸ್ಗೋದ ಹ್ಯಾಂಪ್‌ಡೆನ್ ಮೈದಾನದಲ್ಲಿ ಜಮೈಕಾದೊಡನೆ ಆಡಿದ ಪಂದ್ಯವನ್ನು ನೋಡಲು 18,555 ಜನ ಬಂದಿದ್ದರು. ತಂದೆಯರ ಹೆಗಲ ಮೇಲೆ ಹೆಣ್ಣುಮಕ್ಕಳು ಕುಳಿತಿದ್ದ ಕಾಲವದು. ಕೂದಲು ಕತ್ತರಿಸಿಕೊಂಡು ಮರೆಯಾಗಿ ಆಡಬೇಕಾದ ಅಗತ್ಯ ಅವರಾರಿಗೂ ಇರಲಿಲ್ಲ.

ಅದೇ 2019ರಲ್ಲಿ, ಗ್ರೀನಕ್ ಊರಿನ ಹೆಪ್ಪುಗಟ್ಟಿದ ನೆಲದ ಮೇಲೆ ಆಡಿದ 1972ರ ಆಟಗಾರ್ತಿಯರಿಗೆ ಸ್ಕಾಟ್ಲೆಂಡಿನ ಸಂಸ್ಥೆಯವರು ಅವರವರ ಟೊಪ್ಪಿಗೆಗಳನ್ನು ಕೊಟ್ಟರು. ಪಂದ್ಯ ಮುಗಿದು 46 ವರ್ಷಗಳು ಕಳೆದಿದ್ದವು. ಟೊಪ್ಪಿಗೆಯ ಊರಿನ ಮಗಳಿಗೆ ಆಗ 64 ವರ್ಷ.