ಅನ್‌ಟ್ಯಾಗ್ಡ್ ಅಂದ್ರೆ ವಿಲ್ಯಾನ್ ಇಲ್ಲ ಅಂತಲ್ಲ!

ನೆಟ್‌ವರ್ಕ್ ಸ್ವಿಚ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅತಿ ಹೆಚ್ಚು ದಾರಿ ತಪ್ಪಿಸೋ ಪದ ಯಾವುದು ಅಂತ ಕೇಳಿದ್ರೆ, ನನ್ನ ವೋಟು 'ಅನ್‌ಟ್ಯಾಗ್ಡ್' ಅನ್ನೋದಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರನ್ನ ಕೇಳಿ ನೋಡಿ. "ಯಾವ ವಿಲ್ಯಾನಿಗೂ ಸೇರದ ಪೋರ್ಟ್ ಸಾರ್" ಅನ್ನೋ ಉತ್ತರ ಬಂದ್ರೆ ಆಶ್ಚರ್ಯ ಇಲ್ಲ. ಪಾಪ, ಅವರ ತಪ್ಪಲ್ಲ, ಪದವೇ ಹಾಗಿದೆ. ಇಂಜಿನಿಯರಿಂಗ್‌ನಲ್ಲಿ ನಾವೆಲ್ಲ ಫ್ರೇಮಿನ ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡವರೇ. ಸ್ವಿಚ್ ಒಳಗೆ ಹೋದ್ಮೇಲೆ ಆ ಫ್ರೇಮಿನ ಗತಿ ಏನು ಅಂತ ಮಾತ್ರ ಯಾರೂ ಹೇಳ್ಲಿಲ್ಲ :)

ವಿಲ್ಯಾನ್ ಅಂದ್ರೆ ಒಂದೇ ಸ್ವಿಚ್ಚನ್ನ ಹಲವು ಸ್ವಿಚ್‌ಗಳ ಥರ ಭಾಗ ಮಾಡೋದು. 1998ರಲ್ಲಿ ಬಂದ 802.1ಕ್ಯೂ ಸ್ಟ್ಯಾಂಡರ್ಡ್ ಪ್ರಕಾರ ಫ್ರೇಮಿನ ಮಧ್ಯೆ 4 ಬೈಟಿನ ಒಂದು ಟ್ಯಾಗ್ ಸೇರಿಸ್ತಾರೆ. ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ. 0 ಮತ್ತು 4095 ಬಿಟ್ರೆ 4094 ವಿಲ್ಯಾನ್‌ಗಳು. ಗಮನಿಸಬೇಕಾದ್ದು ಇಷ್ಟೇ: ಸ್ವಿಚ್ ಒಳಗೆ ಬಂದ ಪ್ರತಿ ಫ್ರೇಮೂ ಯಾವುದಾದ್ರೂ ಒಂದು ವಿಲ್ಯಾನಿಗೆ ಸೇರಲೇಬೇಕು. ಟ್ಯಾಗ್ ಇದೆಯೋ ಇಲ್ವೋ ಅನ್ನೋದು ಹೊರಗಿನ ವೈರ್ ಮೇಲಿನ ಮಾತು.

ಹಿಟ್ಟಿನ ಮಿಲ್ ನೆನಪಿಸಿಕೊಳ್ಳಿ. ನೀವು ಬರೀ ಡಬ್ಬ ತಗೊಂಡು ಹೋಗ್ತೀರಿ. ಮಿಲ್ಲಿನವನು ಅದಕ್ಕೊಂದು ಚೀಟಿ ಅಂಟಿಸ್ತಾನೆ. ವಾಪಸ್ ಕೊಡುವಾಗ ಕಿತ್ತು ಕೊಡ್ತಾನೆ. ಅದೇ ಡಬ್ಬಾನ ಇನ್ನೊಂದು ಮಿಲ್ಲಿಗೆ ಕಳಿಸೋದಾದ್ರೆ ಚೀಟಿ ಇರಲೇಬೇಕು, ಇಲ್ಲಾಂದ್ರೆ ಯಾರ ಡಬ್ಬ ಅಂತ ಅಲ್ಲಿಯವನಿಗೆ ಹೇಗೆ ಗೊತ್ತಾಗಬೇಕು?

ಅಂದ್ರೆ ಇಲ್ಲಿರೋದು ಎರಡು ಪ್ರಶ್ನೆ. ಚೀಟಿ ಇಲ್ಲದೆ ಒಳಗೆ ಬಂದಿದ್ದಕ್ಕೆ ಯಾವ ಸಂಖ್ಯೆ ಹಾಕ್ಬೇಕು? ಇದಕ್ಕೆ ಉತ್ತರ ಪಿವಿಐಡಿ. ಹೊರಗೆ ಹೋಗುವಾಗ ಚೀಟಿ ಕೀಳಬೇಕಾ, ಬಿಡಬೇಕಾ? ಇದಕ್ಕೆ ಉತ್ತರ ಅನ್‌ಟ್ಯಾಗ್ಡ್ ಅಥವಾ ಟ್ಯಾಗ್ಡ್. ಸಿಸ್ಕೋ ಸ್ವಿಚ್‌ನಲ್ಲಿ ಆಕ್ಸೆಸ್ ಪೋರ್ಟಿಗೆ ಒಂದು ವಿಲ್ಯಾನ್ ಸಂಖ್ಯೆ ಕೊಟ್ರೆ ಎರಡೂ ಒಟ್ಟಿಗೇ ಆಗಿಹೋಗುತ್ತೆ. ಆದ್ರೆ ಕಡಿಮೆ ಬೆಲೆಯ ಎಷ್ಟೋ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಪುಟ. ತೊಂದರೆ ಶುರುವಾಗೋದೇ ಇಲ್ಲಿ.

ಒಂದು ಪುಟ್ಟ ಆಫೀಸ್ ಅಂದುಕೊಳ್ಳಿ. ಅಕೌಂಟ್ಸ್ ಕಂಪ್ಯೂಟರ್‌ಗಳು ವಿಲ್ಯಾನ್ 1ರಲ್ಲಿ, ಅತಿಥಿಗಳ ವೈಫೈ 20ರಲ್ಲಿ. ವೈಫೈ ಡಬ್ಬಿ ಇರೋ 5ನೇ ಪೋರ್ಟನ್ನ 20ಕ್ಕೆ ಅನ್‌ಟ್ಯಾಗ್ಡ್ ಆಗಿ ಸೇರಿಸಿದ್ರು. ಆದ್ರೆ ಪಿವಿಐಡಿ ಫ್ಯಾಕ್ಟರಿಯಿಂದ ಬಂದ ಹಾಗೆ 1 ಆಗೇ ಉಳೀತು, ವಿಲ್ಯಾನ್ 1ರ ಸದಸ್ಯತ್ವಾನೂ ಯಾರೂ ತೆಗೀಲಿಲ್ಲ. ಈಗ ಅತಿಥಿಯ ಫೋನ್ ಕಳಿಸಿದ್ದೆಲ್ಲ ಹೋಗೋದು ವಿಲ್ಯಾನ್ 1ಕ್ಕೆ! ಐಪಿ ಸಿಗುತ್ತೆ, ಇಂಟರ್ನೆಟ್ ಬರುತ್ತೆ, ಹಸಿರು ದೀಪ ಮಿಣುಕುತ್ತೆ, ಎಲ್ರಿಗೂ ಖುಷಿ. ಗೋಡೆ ಕಟ್ಟಿದೀವಿ ಅಂದುಕೊಂಡ ಜಾಗದಲ್ಲಿ ಗೋಡೇನೇ ಇಲ್ಲ. ಕೆಟ್ಟು ನಿಂತಿದ್ರೆ ಯಾರಾದ್ರೂ ಬಂದು ನೋಡ್ತಿದ್ರು. ಕೆಲಸ ಮಾಡ್ತಾ ಇರೋದೇ ಇಲ್ಲಿ ಅಪಾಯ.

"ಹಾಗಾದ್ರೆ ಎರಡನ್ನೂ ಒಂದೇ ಮಾಡಿಬಿಡಬಾರದಾ?" ಅಂತ ಕೇಳಬಹುದು. ಪೂರ್ತಿ ಹಾಗೂ ಆಗಲ್ಲ. ಎರಡು ವಿಲ್ಯಾನಿನವರು ಪರಸ್ಪರ ಮಾತಾಡದೆ ಒಂದೇ ಪ್ರಿಂಟರ್ ಹಂಚಿಕೊಳ್ಳೋಕೆ ಈ ಬೇರ್ಪಡೆಯನ್ನ ಬಳಸಿಕೊಳ್ಳೋ ಪದ್ಧತಿ ಇದೆ. ಆದ್ರೆ ಅಪರೂಪದ ಆ ಅನುಕೂಲಕ್ಕೋಸ್ಕರ ಎಲ್ಲರ ದಾರೀಲೂ ಗುಂಡಿ ತೋಡೋದು ಯಾವ ನ್ಯಾಯ? ಪೋರ್ಟ್ ಅನ್‌ಟ್ಯಾಗ್ಡ್ ಮಾಡಿದ ಕೂಡಲೇ ಪಿವಿಐಡಿನೂ ತಾನೇ ಬದಲಾಗಲಿ. ಬೇರೆ ಇಡಬೇಕು ಅನ್ನೋರು ಬೇಕಂತಲೇ ಬದಲಾಯಿಸಿಕೊಳ್ಳಲಿ, ಆಗ ಸ್ವಿಚ್ ಒಂದು ಎಚ್ಚರಿಕೆ ತೋರಿಸಲಿ. ಸಿಸ್ಕೋ ಸ್ವಿಚ್‌ಗಳು ಟ್ರಂಕಿನ ಎರಡು ತುದಿಯಲ್ಲಿ ನೇಟಿವ್ ವಿಲ್ಯಾನ್ ಬೇರೆ ಬೇರೆ ಇದ್ರೆ ಸಿಡಿಪಿ ಮೂಲಕ ಕೂಗಿ ಹೇಳ್ತವಲ್ಲ, ಹಾಗೆ.

ಪಾಠ ಹೇಳೋರಿಗೂ ಒಂದು ಮಾತು. ಕಮಾಂಡ್ ಬಾಯಿಪಾಠ ಮಾಡಿಸೋ ಮೊದಲು ಬೋರ್ಡ್ ಮೇಲೆ ಒಂದು ಫ್ರೇಮನ್ನ ಒಳಗೆ ಕಳಿಸಿ, ಹೊರಗೆ ತನ್ನಿ. ಅರ್ಧ ಗಂಟೆ ಸಾಕು.

ಅಲ್ಲೀವರೆಗೂ ನಾವು ಮಾಡಬಹುದಾದ್ದು ಇಷ್ಟು: ಪೋರ್ಟ್ ಸೆಟ್ ಮಾಡಿದ್ಮೇಲೆ ಪಿವಿಐಡಿ ನೋಡಿ, ವಿಲ್ಯಾನ್ 1ರಿಂದ ತೆಗೆದಿದೀರಾ ನೋಡಿ. ಆಮೇಲೆ ಇಂಟರ್ನೆಟ್ ಬರುತ್ತಾ ಅಂತ ಮಾತ್ರ ಅಲ್ಲ, ಪಿಂಗ್ ಹೋಗಬಾರದ ಕಡೆಗೆ ನಿಜವಾಗಲೂ ಹೋಗ್ತಿಲ್ವಾ ಅಂತಾನೂ ಪರೀಕ್ಷೆ ಮಾಡಿ. ಬಾಗಿಲು ತೆಗೆಯುತ್ತೆ ಅಂತ ಸಾಕಾ? ಬೀಗ ಬೀಳುತ್ತಾ ಅಂತಾನೂ ನೋಡಬೇಕಲ್ವಾ?